ಎಸಿಯಲ್ಲಿ ಗಟ್ಟಿಯಾದ ರೈಲು

ಎಸಿ ಕೋಣೆಯಲ್ಲಿ ಗಟ್ಟಿಯಾದ ತೆಂಗಿನೆಣ್ಣೆ ಬಾಟಲಿ ಕಂಡರೆ ಇವತ್ತಿಗೂ ನನ್ನ ಹೊಟ್ಟೆಯೊಳಗೆ ಒಂದು ರೈಲು ಕೆಟ್ಟು ನಿಲ್ಲುತ್ತದೆ.

ಗಲ್ಫಿನಲ್ಲಿ ನಾವಿದ್ದ ಅಲ್ ಬರ್ಷಾ ಬಡಾವಣೆಯ ಹಾಲ್ ಒಂದರಲ್ಲಿ ಮಾದರಿ ರೈಲುಗಳ ಪ್ರದರ್ಶನವಿತ್ತು. ಅಪ್ಪನ ಐರಿಶ್ ಬಾಸ್ ತಮ್ಮೂರಿನ ಕಿತ್ತಳೆ ಬಣ್ಣದ ಪುಟ್ಟ ಎಂಜಿನ್ನನ್ನು ಒರೆಸಿ ತರಲು ಅಪ್ಪನಿಗೆ ಕೊಟ್ಟಿದ್ದರು. ಹುಟ್ಟಿದಾಗ ನನ್ನನ್ನೂ ಅಪ್ಪ ಅಷ್ಟು ಜೋಪಾನವಾಗಿ ಎತ್ತಿಕೊಂಡಿರಲಿಕ್ಕಿಲ್ಲ. ಹಾಲ್‌ನ ಎಸಿಗೆ ಪೆಂಗ್ವಿನ್‌ಗೂ ಶೀತವಾಗುತ್ತಿತ್ತು. ಹಳಿಯ ಮೇಲಿಟ್ಟ ಎಂಜಿನ್ ಎರಡು ಸಲ ಗೊಣಗಿ ನಿಂತೇಬಿಟ್ಟಿತು. ಬಾಸ್ ಇನ್ನೇನು ಬರುವವರಿದ್ದರು.

"ನಿನ್ನೆ ನಾನೇ ಎಣ್ಣೆ ಬಿಟ್ಟಿದ್ದೆನಲ್ಲ, ಹೊಲಿಗೆ ಮಿಷನ್‌ಗೆ ಬಿಟ್ಟ ಹಾಗೆ," ಎಂದರು ಉಡುಪಿಯಿಂದ ಬಂದಿದ್ದ ಅಜ್ಜಿ.

"ತೆಂಗಿನೆಣ್ಣೆಯಾ? ಅಮ್ಮ, ನನ್ನ ಕೆಲಸ ಖಲಾಸ್."

"ಎಂತ ಮಾರಾಯ, ಚಳಿಗೆ ಗಟ್ಟಿಯಾದದ್ದು. ಬಿಸಿಲಿಗೆ ಹಿಡಿದ್ರೆ ಕರಗ್ತದೆ."

ಅಜ್ಜಿ ಎಂಜಿನ್ನನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೊರಗಿನ ಸುಡುಬಿಸಿಲಿಗೆ ನಡೆದರು. ಅಪ್ಪ ಆ ಚಳಿಯಲ್ಲೂ ಬೆವರುತ್ತ ನನ್ನ ಕೈ ಹಿಡಿದುಕೊಂಡಿದ್ದರು, ಬೆರಳು ನೋಯುವಷ್ಟು ಬಿಗಿಯಾಗಿ.

ಬಾಸ್ ಬಂದಾಗ ರೈಲು ಅಜ್ಜಿಯ ಜಡೆಯ ಪರಿಮಳ ಬಿಡುತ್ತ ಸುತ್ತು ಹೊಡೆಯುತ್ತಿತ್ತು. ಅವರು ಬಗ್ಗಿ ಮೂಸಿ, ಇದ್ಯಾವ ಎಣ್ಣೆ ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಅಪ್ಪ ಅಜ್ಜಿಯ ಕಡೆ ನೋಡದೆ ಹೇಳಿದರು: "ಇಂಪೋರ್ಟೆಡ್, ಸರ್."