ಉತ್ತರದ ಸಾಲು

ಉಮ್ಮರ್ ಗಿಟಾರು ಮೀಟಿ ಮೊದಲ ಸಾಲು ಎತ್ತಿದ್ದೇ ತಡ, ಮೈಕ್‌ಸೆಟ್ಟಿನ ಶೇಷಪ್ಪ ಕೂತಲ್ಲಿಂದ ಎದ್ದು ನಿಂತ. ಅದು ಬಾಗಿಯ ಪದ. ಸಿದ್ಧಕಟ್ಟೆಯ ಸುತ್ತಿನ ಹೆಂಗಸರು ನೇಜಿ ನೆಡುವಾಗ ಎಲ್ಲ ಗದ್ದೆಗಳಲ್ಲೂ ಅದನ್ನು ಹಾಡುತ್ತಿದ್ದರು. ಜಮೀನ್ದಾರರ ಮನೆಯಾದ ನೆಲ್ಲಿಪಲ್ಕೆ ಬೀಡಿಗೆ ಕೇಳಿಸುವ ಗದ್ದೆಗಳಲ್ಲಿ ಮಾತ್ರ ತುಟಿ ಬಿಚ್ಚುತ್ತಿರಲಿಲ್ಲ. ಈಗ ಅದೇ ಬೀಡಿನ ಅಂಗಳದಲ್ಲಿ, ಆದಿರಾಜ ಬಲ್ಲಾಳರ ಮಗಳ ಮದುವೆಯ ಚಪ್ಪರದಡಿ, ಅದು ಶೇಷಪ್ಪನದೇ ಮೈಕಿನಲ್ಲಿ ಮೊಳಗುತ್ತಿತ್ತು.

ತಪ್ಪು ಯಾರದೆಂದು ಹುಡುಕಲು ದೂರ ಹೋಗಬೇಕಾಗಿರಲಿಲ್ಲ. ಬಂಟ್ವಾಳದಿಂದ ಮೂಡಬಿದಿರೆಯವರೆಗೆ ಎಲ್ಲಿ ಮದುವೆಯಾದರೂ ಹಾಡಲು ಯಾವ ಪಾರ್ಟಿಯನ್ನು ಕರೆಸುವುದೆಂದು ಜನ ಕೇಳುತ್ತಿದ್ದದ್ದು ಶೇಷಪ್ಪನನ್ನು. ಹೊಸಬರನ್ನು ಹುಡುಕಿ ತರುವುದೆಂದರೆ ಅವನಿಗೆ ಹುಚ್ಚು. ಫರಂಗಿಪೇಟೆಯ ಹೊಳೆದಂಡೆಯಲ್ಲಿ ಉಮ್ಮರ್ ಮತ್ತು ಹನೀಫಾ ಗಿಟಾರಿಗೆ ದಫ್ಫು ಸೇರಿಸಿ ಗದ್ದೆಯ ಪದ ಹಾಡುವುದನ್ನು ಕೇಳಿದ್ದೇ, ನೆಟ್ಟಗೆ ಬಲ್ಲಾಳರಲ್ಲಿಗೆ ಹೋಗಿ ಹೊಗಳಿದ್ದೇ ಹೊಗಳಿದ್ದು. ಆ ಊರಿನದೇ ಒಂದು ಪದ ಕಲಿತು ಬನ್ನಿ, ಧನಿಗಳಿಗೆ ಖುಷಿಯಾಗುತ್ತದೆ ಎಂದು ಹುಡುಗರಿಗೆ ಹೇಳಿಕೊಟ್ಟ ಜಾಣನೂ ಇವನೇ. ಪಾಪ, ಅವರು ಯಾವುದೋ ಗದ್ದೆಯ ಅಂಚಿನಲ್ಲಿ ಕೂತು ಶ್ರದ್ಧೆಯಿಂದ ಕಲಿತು ಬಂದಿದ್ದರು.

ಪದದ ಕಥೆ ಸಣ್ಣದು. ಬರಗಾಲದ ವರ್ಷ ಬಾಗಿ ಎಂಬವಳು ಹಸಿದ ಕೂಸನ್ನೆತ್ತಿಕೊಂಡು ದೊಡ್ಡ ಮನೆಗೆ ಅಕ್ಕಿ ಬೇಡಲು ಹೋಗುತ್ತಾಳೆ. ಬಾಗಿಲು ಮುಚ್ಚುತ್ತದೆ. ಅವಳು ಕೂಸಿನೊಂದಿಗೆ ಕೆರೆಗೆ ಇಳಿಯುತ್ತಾಳೆ. ಆ ಬಾಗಿಲು ಯಾವ ಮನೆಯದು ಎಂದು ಕೊನೆಗೆ ಒಬ್ಬರು ಕೇಳಬೇಕು, ಉಳಿದವರು ಉತ್ತರದ ಸಾಲು ಹಾಡಬೇಕು. ಆ ಉತ್ತರ 'ಪಡುಮನೆ'. ಬೀಡಿಗೆ ಒಕ್ಕಲುಗಳು ತಮ್ಮತಮ್ಮಲ್ಲೇ ಇಟ್ಟುಕೊಂಡ ಹೆಸರು ಅದು. ಅದು ಯಾವ ಮನೆಯೆಂದು ಫರಂಗಿಪೇಟೆಯ ಹುಡುಗರಿಗೆ ಗೊತ್ತಿರಲಿಲ್ಲ, ಬಲ್ಲಾಳರಿಗೆ ಹೇಗೋ ಗೊತ್ತಾಗಿತ್ತು. ಶೇಷಪ್ಪನ ಮನೆ ನಿಂತ ನೆಲ ಬಲ್ಲಾಳರದು. ಅವರು ಏಳು ಅಂದರೆ ಹೆಂಡತಿ ಮಕ್ಕಳನ್ನು ಕರೆದುಕೊಂಡು ಏಳಬೇಕು, ಅಷ್ಟೇ.

ಹೊತ್ತು ಮುಳುಗುವ ಮೊದಲೇ ಊಟ ಮುಗಿಸಿದ ನೆಂಟರು ವೀಳ್ಯ ಮೆಲ್ಲುತ್ತ ತಲೆದೂಗುತ್ತಿದ್ದರು. ಶೇಷಪ್ಪ ಹುಡುಗರತ್ತ ಕಣ್ಣು ಬಿಟ್ಟ, ಬೇಡವೆಂದು ಕೈ ಆಡಿಸಿದ. ಉಮ್ಮರ್ ಕಣ್ಣು ಮುಚ್ಚಿ ಹಾಡುತ್ತಿದ್ದ. ಹನೀಫಾ ಅದನ್ನು ಶಹಬ್ಬಾಸ್ ಎಂದುಕೊಂಡು ದಫ್ಫನ್ನು ಇನ್ನೂ ಜೋರಾಗಿ ಬಡಿದ.

ಬಲ್ಲಾಳರು ಶೇಷಪ್ಪನನ್ನು ಹತ್ತಿರ ಕರೆದರು. "ಒಳ್ಳೆ ಪಾರ್ಟಿ ತಂದಿದ್ದಿ ಮಾರಾಯ. ಇದು ಯಾವ ಪದ? ನಾನು ಕೇಳಿದ್ದೇ ಇಲ್ಲ."

"ಹೀಗೇ ಒಂದು ನೇಜಿ ಪದ ಧನಿಗಳೇ," ಎಂದ ಶೇಷಪ್ಪ.

ಬಾಗಿ ಕೆರೆಗೆ ಇಳಿದಾಯಿತು. ಉಮ್ಮರ್ ದನಿ ಏರಿಸಿ, ಆ ಬಾಗಿಲು ಯಾವ ಮನೆಯದು ಎಂದು ಕೇಳಿದ. ಹನೀಫಾ ಉತ್ತರಕ್ಕೆ ಬಾಯಿ ತೆರೆಯುವಷ್ಟರಲ್ಲಿ ಶೇಷಪ್ಪ ಓಡಿಹೋಗಿ ಬ್ಯಾಟರಿಯ ವಯರನ್ನು ಕಿತ್ತ. ಮೈಕು ಕೀಚಲಿಟ್ಟು ಸತ್ತಿತು. ಹುಡುಗರು ಬೆಪ್ಪಾಗಿ ನಿಂತರು.

"ಬ್ಯಾಟರಿ ಹೋಯ್ತು ಧನಿಗಳೇ, ಇನ್ನು ಸಾಕು ಮಾಡುವ," ಎಂದ. ಬಲ್ಲಾಳರು ಹೂಂ ಎಂದರು. ಬದುಕಿದೆ ಎಂದು ಶೇಷಪ್ಪನಿಗೆ ಅನಿಸಿದ್ದು ಅರೆಗಳಿಗೆ.

ಅಷ್ಟರಲ್ಲಿ ಒಳಗಿನಿಂದ ಒಂದು ಮುದಿದನಿ ಉತ್ತರದ ಸಾಲನ್ನು ಎತ್ತಿತು. ಪಡುಮನೆ, ಪಡುಮನೆ. ರಾಗ ಒಂದಿಷ್ಟೂ ತಪ್ಪಿರಲಿಲ್ಲ. ಬಲ್ಲಾಳರ ತಾಯಿ ಅನಂತಮತಿಯಮ್ಮ ಹಾಡುತ್ತಲೇ ಗೋಡೆ ಹಿಡಿದು ಹೆಬ್ಬಾಗಿಲಿಗೆ ಬಂದರು. ಆ ಮನೆಯಲ್ಲೇ ಹುಟ್ಟಿ, ಮನೆಗೇ ಅಳಿಯನನ್ನು ತಂದುಕೊಂಡು ಅಲ್ಲೇ ಮುದುಕಿಯಾದವರು. ಪದ ಬೀಡಿನ ಕಿವಿಗೆ ಬಿದ್ದಿಲ್ಲವೆಂದು ಊರೆಲ್ಲ ನಂಬಿತ್ತು. ಬಲ್ಲಾಳರ ಮುಖ ಬಿಳಿಚಿತು. ಕಿತ್ತ ವಯರು ಶೇಷಪ್ಪನ ಕೈಯಲ್ಲೇ ಇತ್ತು.

ಮುದುಕಿ ಇಬ್ಬರನ್ನೂ ನೋಡಲಿಲ್ಲ. ಉಮ್ಮರ್‌ನನ್ನು ನೋಡಿದರು.

"ನಿನಗೆ ಕಲಿಸಿದವರಿಗೆ ಪೂರ್ತಿ ಗೊತ್ತಿಲ್ಲ ಮಗಾ. ಇನ್ನೊಂದು ಸಾಲು ಉಂಟು," ಎಂದು ಬಲಗೈಯನ್ನು ಚಪ್ಪರದ ಬೆಳಕಿಗೆ ಚಾಚಿದರು. "ಅಪ್ಪ ಹಾಕು ಅಂದರು. ಆ ಬಾಗಿಲಿಗೆ ಅಗಳಿ ಹಾಕಿದ್ದು ಈ ಕೈ."