ಅವರವರ ಕೀ

ಬೆಳಗ್ಗೆ ಫೋನು ಕಿವಿಗೆ ಹಿಡಿದರೆ ಆ್ಯಪ್ "ಪ್ರವೇಶವಿಲ್ಲ" ಎಂದಿತು. ಪಿಯಾನೋಗಳಿಗೆ ಶ್ರುತಿ ಕೂಡಿಸುವ ಅವಳಿಗೆ ಹುಟ್ಟಿನಿಂದಲೇ ಕಣ್ಣು ಕಾಣದು. ನಡುವಯಸ್ಸಿನಲ್ಲಿ ದೃಷ್ಟಿ ಕಳೆದುಕೊಂಡ ಮುನ್ನೂರು ಜನರ ಗುಂಪೊಂದನ್ನು ಸೋಶಿಯಲ್ ಮೀಡಿಯಾದಲ್ಲಿ ನಡೆಸುತ್ತಿದ್ದಳು. ಅದೂ ಹೊರಗಿನವನೊಬ್ಬ ಮಾಡಿಕೊಟ್ಟ, ಬರೆದದ್ದನ್ನೆಲ್ಲ ಓದಿ ಹೇಳುವ ಈ ಪುಟ್ಟ ಆ್ಯಪ್ ನೆಚ್ಚಿಕೊಂಡು. ಆ ಸೋಶಿಯಲ್ ಮೀಡಿಯಾ ಕಂಪನಿಯ ಸ್ವಂತ ಆ್ಯಪ್ ಅವಳಿಗೆ "ಬಟನ್, ಬಟನ್, ಬಟನ್" ಎಂದಷ್ಟೇ ಓದಿ ಹೇಳುತ್ತಿತ್ತು.

ಆ್ಯಪ್ ಮಾಡಿದವನ ಮೇಲ್ ಬಂದಿತ್ತು. ಎಲ್ಲರಿಗೂ ಸೇರಿ ಇದ್ದ ಒಂದೇ ಎಪಿಐ ಕೀಯನ್ನು, ಅಂದರೆ ಆ್ಯಪ್ ಒಳಹೋಗಲು ಬೇಕಾದ ಗುಪ್ತ ಸಂಕೇತವನ್ನು, ಕಂಪನಿ ರದ್ದು ಮಾಡಿದೆ; ಇನ್ನು ಅವರವರ ಹೆಸರಿನಲ್ಲಿ ಅವರವರೇ ಕೀ ಪಡೆದು ಆ್ಯಪ್‌ಗೆ ಹಾಕಿಕೊಳ್ಳಬೇಕು.

"ಆ ತಲೆನೋವೆಲ್ಲ ಯಾಕೆ? ನಾನೇ ದಿನಾ ಓದಿ ಹೇಳ್ತೀನಿ ಬಿಡು," ಎಂದ ಅಣ್ಣ.

"ಗುಂಪಿನವರು ಮನಸ್ಸು ಬಿಚ್ಚಿ ಬರೆಯೋದು ನನಗೆ ಕಣಣ್ಣ, ನಿನಗಲ್ಲ."

ಕಂಪನಿಯ ಅರ್ಜಿ 'ಉದ್ದೇಶವೇನು?' ಎಂದು ಕೇಳಿತು. 'ಓದುವುದು' ಎಂದು ತುಂಬಿದಳು. ಕೊನೆಗೆ, ತಾನು ಯಂತ್ರವಲ್ಲ, ಮನುಷ್ಯಳೆಂದು ಸಾಬೀತು ಮಾಡಬೇಕಿತ್ತು. ಚಿತ್ರ ಗುರುತಿಸುವ ಬದಲು ಧ್ವನಿಯ ಪರೀಕ್ಷೆ ಆರಿಸಿದಳು. ಗದ್ದಲದ ನಡುವೆ ಯಾರೋ ಅಂಕಿಗಳನ್ನು ಗೊಣಗಿದರು.

"ಒಂದಕ್ಷರ ತಿಳೀಲಿಲ್ಲವಲ್ಲೇ!" ಎಂದು ಅಣ್ಣ ಅನ್ನುವಷ್ಟರಲ್ಲಿ ಆರೂ ಅಂಕಿ ಒತ್ತಿಯಾಗಿತ್ತು. ಪಿಯಾನೋದ ಇನ್ನೂರಕ್ಕೂ ಮೇಲ್ಪಟ್ಟ ತಂತಿಗಳಲ್ಲಿ ಸಡಿಲಾದ ಒಂದನ್ನು ಹಿಡಿಯುವ ಕಿವಿಗೆ ಇದು ಯಾವ ಲೆಕ್ಕ!

ಕೀ ಬಂತು. ಫೋನು ಆ ಉದ್ದನೆಯ ಸಾಲನ್ನು ಗಟ್ಟಿಯಾಗಿ ಓದತೊಡಗಿದೊಡನೆ ಅವಳು ಇಯರ್‌ಫೋನ್ ಸಿಕ್ಕಿಸಿಕೊಂಡಳು.

"ನನಗೂ ಅದನ್ನ ಕಳಿಸೇ. ನಿನ್ನ ಆ್ಯಪ್ ಆದ್ರೆ ಜಾಹೀರಾತಿನ ಕಾಟ ತಪ್ಪುತ್ತೆ."

"ನಿನ್ನ ಹಲ್ಲುಜ್ಜೋ ಬ್ರಷ್ ಕೇಳಿದ್ರೆ ಕೊಡ್ತೀಯಾ? ಇದು ನನ್ನ ಹೆಸರಲ್ಲಿದೆ. ನೀನು ಎಡವಟ್ಟು ಮಾಡಿದ್ರೆ ಬಾಗಿಲು ಮುಚ್ಚೋದು ನನಗೆ. ಕೂತ್ಕೋ, ನಿನ್ನದನ್ನ ನೀನೇ ತಗೊಳ್ಳೋದು ಹೇಗೆ ಅಂತ ಹೇಳಿಕೊಡ್ತೀನಿ."

ಅಣ್ಣ ನಗುತ್ತಾ ಕುರ್ಚಿ ಎಳೆದುಕೊಂಡ. ಅಷ್ಟರಲ್ಲಿ ಆ್ಯಪ್ ತೆರೆದುಕೊಂಡಿತು. ಹೋದ ತಿಂಗಳಷ್ಟೇ ದೃಷ್ಟಿ ಕಳೆದುಕೊಂಡಿದ್ದ ಬಸ್ ಡ್ರೈವರ್ ಒಬ್ಬರ ಮಾತು ನಿನ್ನೆಯಿಂದ ಉತ್ತರಕ್ಕೆ ಕಾದಿತ್ತು: "ಮನೇಲಿ ಎಲ್ಲರೂ ತುಂಬಾ ಒಳ್ಳೆಯವರು ಮೇಡಂ. ಒಂದು ಲೋಟ ಚಹಾ ಮಾಡ್ಕೊಳ್ಳೋಕೂ ಬಿಡಲ್ಲ. ಏನು ಮಾಡ್ಲಿ?"

ಅವಳು ಯೋಚಿಸಲು ಹೋಗಲಿಲ್ಲ. "ನಾಳೆ ಅವರಿಗಿಂತ ಮುಂಚೆ ಎದ್ದುಬಿಡಿ," ಎಂದು ಬರೆದಳು.