ಬೋರ್ಡಿನ ಮೇಲಿನ ಹೆಸರುಗಳು

ಎರಡನೇ ಮಹಾಯುದ್ಧದ ಪಾಠ ನಡೆದಿತ್ತು. ರಾಕ್ಷಸನ ಕಥೆ ಹೇಳುವ ಅಜ್ಜಿಯಂತೆ ಟೀಚರ್ ದನಿ ತಗ್ಗಿಸಿದರು.

"ಸೈನಿಕರು ಆ ಊರಿಗೆ ಬಂದಾಗ, ಯಾರನ್ನೆಲ್ಲ ಹಿಡೀಬೇಕು ಅನ್ನೋ ಪಟ್ಟಿ ಆಗಲೇ ಸಿದ್ಧವಾಗಿತ್ತು. ಅಕ್ಕಪಕ್ಕದ ಮನೆಯವರೇ ಬರೆದಿಟ್ಟಿದ್ದರು."

"ಹೊಡೆದು ಬರೆಸಿದ್ರಾ ಮಿಸ್?" ಕ್ಲಾಸ್ ಲೀಡರ್ ತಾರಿಣಿ ಕೇಳಿದಳು.

"ಇಲ್ಲ. ಬರೆಯಿರಿ ಅಂತ ಯಾರೂ ಹೇಳಿರಲೇ ಇಲ್ಲ."

"ಹೋಗಿ ಮಿಸ್! ಹೇಳದೆ ಯಾರಾದ್ರೂ ಬರೀತಾರಾ?"

ತರಗತಿಯೆಲ್ಲ ನಕ್ಕಿತು. ಅಷ್ಟರಲ್ಲಿ ಹೆಡ್‌ಮಾಸ್ಟರು ಕರೆದರೆಂದು ಟೀಚರ್ ಏನೂ ಹೇಳದೆ ಹೊರಟುಹೋದರು. ತಾರಿಣಿ ಎದ್ದು, ಸೀಮೆಸುಣ್ಣ ಹಿಡಿದು ಬೋರ್ಡಿನ ಪಕ್ಕ ನಿಂತಳು.

ಮುಂದಿನ ಬೆಂಚಿನಿಂದ ಗೆಳತಿ ಕುಸುಮ ಪಿಸುಗುಟ್ಟಿದಳು. "ಏ, ನನ್ನ ಹೆಸರು ಬರೀಬೇಡ್ವೇ. ಇನ್ನೊಂದ್ಸಲ ಬಂದ್ರೆ ಖೋಖೋ ಟೀಮಿಂದ ತೆಗೆದುಬಿಡ್ತಾರೆ. ನಿನ್ನೆ ನೆಲ್ಲಿಕಾಯಿ ಕೊಟ್ಟಿಲ್ವಾ?"

"ಈಗ ಮಾತಾಡಿದ್ಯಲ್ಲ," ಎನ್ನುತ್ತ ತಾರಿಣಿ ಅವಳ ಹೆಸರು ಬರೆದಳು.

ಹೆಸರುಗಳು ಒಂದೊಂದಾಗಿ ಕೆಳಗಿಳಿದಂತೆ ತರಗತಿಯಲ್ಲಿ ಉಸಿರಿನ ಸದ್ದೂ ಅಡಗಿತು.

ಟೀಚರ್ ಮರಳಿ ಬಂದಾಗ ಬೋರ್ಡಿನ ಮೇಲೆ ಹನ್ನೊಂದು ಹೆಸರುಗಳಿದ್ದವು. ಕುಸುಮ ಬೆಂಚಿಗೆ ಹಣೆ ಒತ್ತಿ ಅಳುತ್ತಿದ್ದಳು.

ಅವರು ಬಾಗಿಲಲ್ಲೇ ನಿಂತರು. "ಇದನ್ನ ಬರೆಯೋಕೆ ಯಾರು ಹೇಳಿದ್ದು?"

ತಾರಿಣಿ ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟಳು.

"ಯಾರೂ ಹೇಳ್ಲಿಲ್ಲ ಮಿಸ್."